ಸ್ಲೋ ಸೈಕಲ್ಲಿನ ಬೆನ್ನ ನಂಬರು

ನಗೂ ಸಂಗ್ತಿಗಳು ಯಾರ ಮನೆಗೆ ಬರ್ತವೆ ಗೊತ್ತಾ ಮಾರಾಯ್ರೆ? ಎಲ್ಲಿ ಎಲ್ಲರೂ ಮುಖ ಇಳಿಬಿಟ್ಕಂಡು ಕೂತಿರ್ತಾರಲ್ಲ, ಸೀದಾ ಅಲ್ಲಿಗೇ ಬರ್ತವೆ, ಒಂದರ ಹಿಂದೆ ಒಂದು ಬರ್ತವೆ, ಉಸಿರು ಬಿಡೂಕೂ ಕೊಡೂದಿಲ್ಲ. ನಮ್ಮನೆಗೆ ಅವು ಬಂದದ್ದು ನಂಬರಿನ ದಾರಿಲಿ.

ಆಗ ನಾನು ಅಂಕೋಲೆಲಿ ಬೋರ್ಡ್ ಬರೆಯೂ ಅಂಗಡಿಲಿ ಕೆಲಸಕ್ಕಿದ್ದೆ. ಎಂಬತ್ತರ ಆಚೆ-ಈಚೆ ಶುರುವಾದ ಚಟ, ಎಲ್ಲಿ ನೋಡಿದ್ರೂ ಯುವಕ ಮಂಡಳ, ಎಲ್ಲಾ ಮಂಡಳದ್ದೂ ಸ್ಲೋ ಸೈಕಲ್ ಸ್ಪರ್ಧೆ. ಸುಣ್ಣದ ಗೆರೆಯಿಂದ ಸುಣ್ಣದ ಗೆರೆಗೆ ಹೋಗ್ಬೇಕು, ಕಡೆಗೆ ಮುಟ್ಟಿದವ ಗೆದ್ದ, ಕಾಲು ನೆಲಕ್ಕೆ ಊರಿದವ ಔಟು. ಹೊಸಬರೇ ಜಾಸ್ತಿ, ಯಾರು ಯಾರು ಅಂತ ಗೊತ್ತಾಗೂದಿಲ್ಲ. ಹಂಗಾಗಿ ಹಳೇ ಕ್ಯಾಲೆಂಡರಿನ ಹಿಂಬದಿಗೆ ದೊಡ್ಡದಾಗಿ ನಂಬರ್ ಬರ್ದು ಎಲ್ಲರ ಬೆನ್ನ ಮೇಲೆ ಹಚ್ಚೂದು ನನ್ನ ಕೆಲಸ.

ಇತ್ಲಾಗೆ ಮನೇಲಿ ಅಪ್ಪ. ಅಪ್ಪ ರಂಪಣಿ ಬಲೆ ಎಳೆಯೂವ. ಇಡೀ ಕೇರಿ ಸಾಲಾಗಿ ನಿಂತು ದಡಕ್ಕೆ ಎಳೀತಿತ್ತಲ್ಲ, ಆ ಬಲೆ. ಟ್ರಾಲರ್‌ಗಳು ಬಂದ್ವು, ಮೀನು ದಡಕ್ಕೆ ಬರೂದು ನಿಂತ್ಹೋಯ್ತು, ಕೂಟ ಮುರೀತು, ಬಲೆ ಮಾಡಿಗೆ ಹತ್ತಿ ಇಲಿ ಪಾಲಾಯ್ತು. ಅಪ್ಪ ಹೊಸ್ತಿಲ ಮೇಲೆ ಕೂತವ ಏಳ್ಲಿಲ್ಲ, ಮಾತೂ ಬಿಟ್ಟ. ಆಯಿ, "ಒಂದು ಮಾತಾಡ್ರಾ, ಬೈದ್ರೂ ಅಡ್ಡಿಲ್ಲ," ಅಂತಿದ್ಲು. ಅವ ಬೈಯೂದೂ ಇಲ್ಲ.

ಕಡೆಗೆ ಆಯಿನೇ ಒಂದು ದಾರಿ ತೆಗೆದ್ಲು. ಬೇಲೆಕೇರಿ ಬಂದರದಲ್ಲಿ ಮೀನು ತಕಂಡು ಸೈಕಲ್ ಮೇಲೆ ಒಳಗಿನ ಊರಿಗೆ ಹೋಗಿ ಮಾರೂದು. ಆದ್ರೆ ನಮ್ಮ ಹತ್ರ ಸೈಕಲ್ಲಿಲ್ಲ, ಅಪ್ಪಂಗೆ ಹೊಡೀಕೂ ಬರೂದಿಲ್ಲ. ಬಾಡಿಗೆ ಸೈಕಲ್ಲಿನ ಸಾವ್ಕಾರ್ರು, ಅವರೇ ಮಂಡಳದ ಅಧ್ಯಕ್ಷರು, ಖಡಾಖಂಡಿತ ಹೇಳಿದ್ರು: "ಮೀನಿನ ಬುಟ್ಟಿ ಕಟ್ಕಂಡು ಕೇರಿ ಕೇರಿ ನಿಧಾನ ಹೊಡೀಬೇಕು. ಬೀಳೂವವಂಗೆ ನಾ ಸೈಕಲ್ ಕೊಡೂದಿಲ್ಲ. ಸ್ಪರ್ಧೆಗೆ ಬಾ, ಕಾಲೂರದೆ ಆ ಗೆರೆಯಿಂದ ಈ ಗೆರೆಗೆ ಬಾ, ಆಮೇಲೆ ದಿನಾ ತಕಂಡು ಹೋಗು."

ನಮ್ಮ ಒಲೆ ಹೊತ್ತೂದು ಬಿಡೂದು ಪೂರಾ ಆ ಸುಣ್ಣದ ಗೆರೆ ಮೇಲೆ ನಿಂತ್ಕಂಡ್ತು.

ಕಾರವಾರದ ಡಬ್ಬಿ

ಅಪ್ಪ ಇನ್ನೂ ಕೇರಿಯವರ ಸೈಕಲ್ ದೂಡ್ಕಂಡು ಕಲೀತಿದ್ದ, ಅಷ್ಟ್ರಲ್ಲಿ ಕಾರವಾರದಲ್ಲಿ ಒಂದು ಸ್ಪರ್ಧೆ ಬಂತು. ಸಾವ್ಕಾರ್ರು ತಮ್ಮ ಬಾಡಿಗೆ ಸೈಕಲ್ಲೆಲ್ಲ ಟೆಂಪೋಕ್ಕೆ ಹೇರಿ ತಂದ್ರು. ಬಾಡಿಗೆ ಸೈಕಲ್ ಅಂದ್ಮೇಲೆ ಹಿಂದಿನ ಮಡ್ಗಾರ್ಡ್ ಮೇಲೆ ಅಂಗಡಿ ನಂಬರ್ ಇರ್ತದಲ್ಲ? ಬಿಳೀ ಪೇಂಟಲ್ಲಿ, ಚಂದಾಗಿ, ನಾನೇ ಬರ್ದದ್ದು. ಬೆನ್ನ ಮೇಲೊಂದು ನಂಬರು, ಸೈಕಲ್ ಮೇಲೊಂದು ನಂಬರು, ಆವತ್ತು ಯಾರ ತಲೆಗೂ ಹೊಳೀಲಿಲ್ಲ ನೋಡಿ!

ತೀರ್ಪು ಕೊಡೂವರು ರಿಟೈರಾದ ಪಿ.ಟಿ. ಮಾಸ್ತರ್ರು. ಕೂತಲ್ಲಿಂದ್ಲೇ ಕೂಗಿದ್ರು: "ನಂಬರ್ ಏಳು, ಪ್ರಥಮ!"

ಬೆನ್ನ ಮೇಲೆ ಏಳು ಇದ್ದ ಹುಡುಗ ಶುರುವಿಗೇ ಕಾಲೂರಿ, ಗೋಡೆ ಮೇಲೆ ಕೂತು ಶೇಂಗಾ ತಿಂತಿದ್ದ. ಇಳಿದು ಬಂದು ಸ್ಟೀಲ್ ಡಬ್ಬಿ ತಕಂಡು ನಮಸ್ಕಾರನೂ ಮಾಡ್ದ. ಏಳನೇ ಸೈಕಲ್ ಹೊಡೆದು ಖರೇ ಗೆದ್ದವ, ಬೆನ್ನ ಮೇಲೆ ಅವಂಗೆ ಬೇರೆ ನಂಬರು, ಓಡಿ ಬಂದ. "ಮಾಸ್ತರ್ರೆ, ಗೆದ್ದದ್ದು ನಾನು!"

"ಏಳು ಅಂದ್ರೆ ಏಳು. ನಾ ಕಣ್ಣಾರೆ ನೋಡೀನಿ."

"ಅದು ಸೈಕಲ್ಲಿನ ನಂಬರ್ರೀ!"

ಸಾವ್ಕಾರ್ರು ಎದ್ದು ನಿಂತ್ರು. "ಗೆದ್ದದ್ದು ಸೈಕಲ್ಲಾ? ಹಂಗಾರೆ ಆ ಸೈಕಲ್ ನನ್ನದು," ಅಂತ ಹೇಳಿ ಡಬ್ಬಿ ತಕಂಡು ಹೋದ್ರು. ಈಗ ಅದರಲ್ಲಿ ಪಂಕ್ಚರ್ ಸೊಲ್ಯೂಶನ್ ಇಟ್ಕಂಡಿದಾರೆ.

ಮನೆಗೆ ಬಂದು ಅಪ್ಪಂಗೆ ಹೇಳ್ದೆ, ನಗ್ಲಿ ಅಂತ, ಕೈ ಕಾಲು ಎಲ್ಲ ಆಡಿಸಿ ಹೇಳ್ದೆ. ಅಪ್ಪ ಕೇಳ್ದ, "ಹಂಗಾರೆ ಗೆದ್ದವಂಗೆ ಏನು ಸಿಕ್ತು?"

"ಏನಿಲ್ಲ."

"ನಂಗೆ ಗೊತ್ತಿತ್ತು," ಅಂದ, ಸಮುದ್ರದ ಕಡೆ ತಿರುಗಿ ಕೂತ.

ಗಂಜಿ ಅಂಟಿನ ನಂಬರು

ಮುಂದಿನ ಸಲ ಮಡ್ಗಾರ್ಡಿಗೆಲ್ಲ ಗೋಣಿತಟ್ಟು ಸುತ್ತಿ, ಬೆನ್ನಿಗೆ ಮಾತ್ರ ನಂಬರು ಅಂತ ನೇಮ ಆಯ್ತು. ಒಬ್ಬ ಹುಡುಗ ಹೊಸಾ ಟೆರಿಲಿನ್ ಶರ್ಟ್ ಹಾಕ್ಕಂಡು ಬಂದ. ನಾ ಟಾಚಣಿ ತೆಗೆದದ್ದೇ ತಡ, ಅವನ ಆಯಿ ಅಡ್ಡ ಬಂದ್ಲು. "ತಮಾ, ತೂತು ಮಾಡ್ಬೇಡ! ಇದೇ ಶರ್ಟಲ್ಲಿ ನಾಳಿಗೆ ಹೆಣ್ಣು ನೋಡೂಕೆ ಹೋಗ್ಬೇಕು." ಮನೆಯಿಂದ ಗಂಜಿ ತಂದು, ದಪ್ಪಗೆ ಸವರಿ, ನಂಬರ್ ಅಂಟಿಸಿದ್ಲು.

ಹುಡುಗ ಭಾರೀ ಚಲೋ ಹೊಡ್ದ. ಎಷ್ಟು ನಿಧಾನ ಅಂದ್ರೆ, ಮೈದಾನದಲ್ಲಿ ಮೇಯ್ತಿದ್ದ ಒಂದು ದನ ಗಂಜಿ ವಾಸನೆಗೆ ನಡ್ಕಂಡು ಬಂತು, ಇವನ ಹಿಂದೆನೇ ನಡೀತು, ನಡೀತಾ ನಡೀತಾ ಬೆನ್ನು ನೆಕ್ಕೂಕೆ ಶುರು ಮಾಡ್ತು! ಇವ ಏನು ಮಾಡ್ತಾ? ಜೋರು ಹೊಡೆದ್ರೆ ಸೋತ, ಕಾಲೂರಿದ್ರೆ ಔಟು. "ಹಡಿ, ಹಡಿ" ಅಂತ ಬಾಯಲ್ಲೇ ಓಡಿಸ್ತಾ, ಕಣ್ಣಲ್ಲಿ ನೀರು ತುಂಬ್ಕಂಡು, ಹಂಗೇ ಹೊಡ್ದ. ಎಲ್ಲರಿಗಿಂತ ಕಡೆಗೆ ಗೆರೆ ದಾಟ್ದ. ಅಷ್ಟ್ರಲ್ಲಿ ದನ ನಂಬರ್ ಪೂರಾ ತಿಂದಿತ್ತು.

ಮಾಸ್ತರ್ರು, "ನಂಬರ್ ಕಾಣೂದಿಲ್ಲ, ಬಹುಮಾನ ಇಲ್ಲ," ಅಂದ್ರು.

"ದನದ ಹೊಟ್ಟೇಲಿ ಅದೆ ಮಾಸ್ತರ್ರೆ!"

"ಹಂಗಾರೆ ದನ ಹಾಜರ್ ಮಾಡು."

ದನ ಯಾರದ್ದು ಅಂತ ಕೇಳಿದ್ರೆ ಒಬ್ಬರೂ ಬಾಯಿ ಬಿಡೂದಿಲ್ಲ, ದಂಡ ಹಾಕ್ತಾರೆ ಅಂತ. ಹೆಣ್ಣಿನ ಮನೇವರು ಅಲ್ಲೇ ನೋಡೂಕೆ ಬಂದಿದ್ರಂತೆ. ಮಾರನೇ ದಿನ ಹೇಳಿ ಕಳಿಸಿದ್ರು: ಹುಡುಗ ಭಾರೀ ಸಮಾಧಾನಿ, ಹಿಂದೆ ನಿಂತು ಬೆನ್ನು ತಿಂದ್ರೂ ಮಾತಾಡೂದಿಲ್ಲ, ನಮ್ಮ ಹುಡುಗಿಗೆ ಇವನೇ ಅಡ್ಡಿಲ್ಲ.

ಗೋವಾ ಬಸ್ಸು

ಆಮೇಲಾಮೇಲೆ ನಂಬರ್ ಬರ್ದಿಟ್ಟರೂ ಹಚ್ಕಳೂಕೆ ಹುಡುಗ್ರೇ ಇಲ್ಲ. ಎಲ್ಲಾ ಗೋವಾಕ್ಕೆ ಹೋದ್ರು. ಮಾಜಾಳಿಲಿ ಸ್ಪರ್ಧೆ ಇಟ್ಟಾಗಂತೂ ಗಡಿ ಅಲ್ಲೇ, ಅರ್ಧ ಜನ ಬಸ್ಸಿನ ಚೀಲ ಮರದ ಬುಡಕ್ಕಿಟ್ಟೇ ಸೈಕಲ್ ಹತ್ತಿದ್ರು. ಒಬ್ಬ ಹತ್ತಿದ ಕೂಡ್ಲೇ ಕಾಲೂರ್ದ. ಸಿಟ್ಟು ಬಂತು. ಸೈಕಲ್ ಅಲ್ಲೇ ಬಿಸಾಕಿ, ಚೀಲ ತಕಂಡು, ಬಂದ ಬಸ್ ಹತ್ತಿ ಹೋದ, ಬೆನ್ನ ಮೇಲೆ ನಂಬರ್ ಹಂಗೇ ಅದೆ!

ಅಲ್ಲಿ ಕಟ್ಟಡದ ಕೆಲಸಕ್ಕೆ ಜನ ಸಾಲಾಗಿ ನಿಂತಿದ್ರಂತೆ, ಬೆಳಿಗ್ಗೆಯಿಂದ ನಿಂತವರೂ ಇದ್ರಂತೆ. ಕೂಲಿ ಜನ ತಕಳೂ ಮುಕಾದಮ ಬಂದು ನೋಡ್ದ, ಇಡೀ ಸಾಲಲ್ಲಿ ನಂಬರ್ ಇದ್ದವ ಇವನೊಬ್ಬನೇ. "ಇವ ಮೊದ್ಲೇ ಪಾಸಾದವ, ಒಳಗೆ ಬಿಡಿ," ಅಂದ.

ಚೌತಿಗೆ ಊರಿಗೆ ಬಂದವ ಸೀದಾ ನನ್ನ ಹತ್ರ ಬಂದ. "ತಮ್ಮಂಗೂ ಕೆಲಸ ಆಗ್ಬೇಕು ಮಾರಾಯ, ಇನ್ನೊಂದು ನಂಬರ್ ಬರ್ದು ಕೊಡು. ಸಣ್ಣ ನಂಬರೇ ಇರ್ಲಿ, ಅವ ಇನ್ನೂ ಹೊಸಬ."

ಅಪ್ಪನ ಸರದಿ

ಕಡೆಗೆ ಅಂಕೋಲೆ ಮೈದಾನದಲ್ಲಿ ಅಪ್ಪನ ದಿನ ಬಂತು. ಸಾವ್ಕಾರ್ರು, "ಬುಟ್ಟಿ ಕಟ್ಕಂಡೇ ಹೊಡೀಬೇಕು, ಖಾಲಿ ಬುಟ್ಟಿ ನಡಿಯೂದಿಲ್ಲ," ಅಂದ್ರು. ಆಯಿ ಬೆಳಿಗ್ಗೆನೇ ಬಂದರಕ್ಕೆ ಹೋಗಿ, ಕಾಡಿ ಬೇಡಿ ಬಂಗಡೆ ತಂದು ತುಂಬಿದ್ಲು. ಅದಕ್ಕೂ ಮುಂಚೆ ಅಪ್ಪ ಬೀಳದೆ ಒಂದ್ಸಲನೂ ಪೂರಾ ಹೊಡೆದವ ಅಲ್ಲ. ಆಯಿ ಬೇಲಿ ಹಿಡ್ಕಂಡು ನಿಂತಿದ್ಲು, ನೋಡೂದಿಲ್ಲ ಅಂತ ಕಣ್ಣು ಮುಚ್ಕಂಡಿದ್ಲು.

ನಾ ನಂಬರ್ ತಕಂಡು ಹೋದ್ರೆ ಅಪ್ಪ ಬಾಯಿ ಬಿಟ್ಟ! ಕಾರವಾರದ ಡಬ್ಬಿ ಸುದ್ದಿ ಕೇಳಿದ ಮೇಲೆ ಇದೇ ಮೊದಲು!

"ಬೆನ್ನ ಮೇಲೆ ನಂಬರ್ ಬರ್ಕಳೂಕೆ ನಾನೇನು ದೋಣಿನಾ?"

ಮಾಸ್ತರ್ರು ಬಂದು, "ಎಲ್ಲಾದ್ರೂ ಕಟ್ಟು, ನಂಗೆ ಕಾಣ್ಬೇಕು," ಅಂದ್ರು. ನಾ ಬುಟ್ಟಿ ಮುಚ್ಚಳಕ್ಕೆ ಕಟ್ದೆ.

ಸೀಟಿ ಊದಿದ್ರು. ಅಪ್ಪ ಹೊರಟ, ಹ್ಯಾಂಡಲ್ ಅತ್ಲಾಗೆ ಇತ್ಲಾಗೆ, ಬಿದ್ದ ಬಿದ್ದ ಅಂತ ನಾ ಹಲ್ಲು ಕಚ್ಚಿ ನಿಂತೆ, ಅಷ್ಟ್ರಲ್ಲಿ ಪೇಟೆಯಿಂದ ಮನೆಗೆ ಹೋಗ್ತಿದ್ದ ಒಬ್ಬರು ಅಕ್ಕೋರು, ಬಿಸಿಲಿಗೆ ಮುಖದ ತನಕ ಸೆರಗು ಎಳ್ಕಂಡವರು, ಮೈದಾನಕ್ಕೇ ಅಡ್ಡ ಬಂದ್ರು. ಅವರಿಗೆ ಸ್ಪರ್ಧೆ ಗಿರ್ಧೆ ಏನು ಗೊತ್ತು? ಬುಟ್ಟಿ ಕಂಡ್ತು, ಬಂಗಡೆ ವಾಸನೆ ಬಂತು. ನಮ್ಮ ಕಡೆ ಹೆಂಗಸರು ಮೀನಿನವ ಓಡಿ ಹೋಗ್ಬಾರ್ದು ಅಂತ ಮೊದ್ಲು ಕ್ಯಾರಿಯರ್ ಹಿಡಿತಾರೆ, ಆಮೇಲೆ ರೇಟು ಕೇಳ್ತಾರೆ. ಇವರೂ ಹಿಡಿದ್ರು. ಸೈಕಲ್ ಗಪ್ಪಂತ ನಿಂತ್ಕಂಡ್ತು. ಅಪ್ಪನ ಎರಡೂ ಕಾಲು ಪೆಡ್ಲಿನ ಮೇಲೆ!

"ತಾಜಾನಾ?"

"ತಾಜಾ, ಅಕ್ಕೋರೆ. ಬಿಡ್ಬೇಡಿ."

"ತುಟ್ಟಿ ಹೇಳಿದ್ರೆ ಬಿಟ್ಟು ಹೋಗ್ತೆ ನೋಡು."

"ಬಿಡ್ಬೇಡಿ ಅಕ್ಕೋರೆ, ನೀವು ಬಿಟ್ರೆ ನಾ ಬಿದ್ದೆ!"

"ಎಲ್ಲಾ ಮೀನಿನವರೂ ಹಂಗೇ ಅಳ್ತಾರೆ," ಅಂತ ಹೇಳಿ ಅವರು ಒಂದು ಕೈಲಿ ಸೈಕಲ್ ಹಿಡ್ಕಂಡು ಇನ್ನೊಂದು ಕೈಲಿ ಮುಚ್ಚಳ ತೆಗೆದು ಬಂಗಡೆ ಕಿವಿ ಬಿಡಿಸಿ ನೋಡೂಕೆ ಶುರು ಮಾಡಿದ್ರು. ಉಳಿದವರು ಒಬ್ಬೊಬ್ಬರೇ ಬಿದ್ರು, ಗೆರೆ ಮುಟ್ಟಿದ್ರು, ಮೈದಾನ ಖಾಲಿ ಆಯ್ತು, ಇವರ ಚೌಕಾಸಿ ಮುಗೀಲಿಲ್ಲ. ಕಡೆಗೆ ಸುತ್ತಿ ಕೊಡೂಕೆ ಕಾಗದ ಬೇಕು. ಅಪ್ಪ ಮೊದಲನೇ ಸಲ ಮೀನು ಮಾರೂವ, ಅವಂಗೆ ಕಾಗದ ತರ್ಬೇಕು ಅಂತ ಎಲ್ಲಿ ಗೊತ್ತು? "ಆ ಮುಚ್ಚಳದ ಮೇಲಿದ್ದದ್ದು ಹರ್ಕಳಿ," ಅಂದ. ಅವರು ಬಂಗಡೆ ಸುತ್ಕಂಡು ಕ್ಯಾರಿಯರ್ ಬಿಟ್ರು, ಬಿಟ್ಟ ರಭಸಕ್ಕೆ ಅಪ್ಪ ಓಲಾಡ್ತಾ ಓಲಾಡ್ತಾ ಗೆರೆ ದಾಟಿಬಿಟ್ಟ!

ಮಾಸ್ತರ್ರು ಕೆಂಡ. "ನಡುವೆ ಯಾರೋ ಸೈಕಲ್ ಹಿಡ್ಕಂಡಿದಾರೆ, ನಂಬರೂ ಇಲ್ಲ. ಇವ ಸ್ಪರ್ಧೆಲೇ ಇಲ್ಲ, ರದ್ದು!"

ಅಪ್ಪನ ಮುಖ ಮತ್ತೆ ಹೊಸ್ತಿಲ ಮೇಲಿನ ಮುಖ ಆಯ್ತು. ಸೈಕಲ್ ಗೋಡೆಗೆ ಒರಗಿಸಿ ಹೊರಟೇ ಬಿಟ್ಟ. ಆಯಿ ಬೇಲಿ ಬಿಟ್ಟು ಅಲ್ಲೇ ಕುಂತ್ಕಂಡ್ಲು.

ಸಾವ್ಕಾರ್ರು ಬುಟ್ಟಿ ಒಳಗೆ ಇಣುಕಿದ್ರು. "ಮಾಸ್ತರ್ರೆ, ಬಹುಮಾನ ನಿಮ್ಮ ಲೆಕ್ಕ, ಸೈಕಲ್ ನನ್ನ ಲೆಕ್ಕ. ಕಾಲೂರ್ಲಿಲ್ಲ, ಬೀಳ್ಲಿಲ್ಲ, ಮೇಲಿಂದ ಮೀನೂ ಮಾರ್ದ. ನಾಳೆಯಿಂದ ತಕಂಡು ಹೋಗಾ."

ಅಪ್ಪ ನಿಂತ. ತಿರುಗಿ ಬಂದ, ಹ್ಯಾಂಡಲ್ ಹಿಡ್ದ. ಆದ್ರೂ ಮಾಸ್ತರ್ರು ಬಿಡೂರಲ್ಲ. "ಅದೆಲ್ಲ ಇರ್ಲಿ, ಮಂಡಳದ ನಂಬರ್ ವಾಪಸ್ ಕೊಡ್ಬೇಕು. ಎಲ್ಲಿ ಹಾಕ್ದೆ?"

"ನಿಮ್ಮ ಮನೆಗೇ ಹೋಗ್ಯದೆ, ಮಾಸ್ತರ್ರೆ."

"ನಮ್ಮ ಮನೆಗಾ?"

"ಬಂಗಡೆ ತಕಂಡದ್ದು ನಿಮ್ಮ ಮನೆ ಅಕ್ಕೋರೇ. ಲಗೂ ಹೋಗಿ ನೋಡಿ," ಅಂದ ಅಪ್ಪ, ನಮ್ಮಪ್ಪ, ನಕ್ಕಂಡು ಅಂದ! "ಮತ್ತೆ ಅಕ್ಕೋರಿಗೂ ರದ್ದು ಅಂತ ನೀವೇ ಹೇಳಿ, ನಂಗೆ ಧೈರ್ಯ ಇಲ್ಲ."