ಓರೆನೋಟದ ಗಲ್ಲಿ

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದಕ್ಕೂ ಒಂದಿಷ್ಟು ಶ್ರಮ ಬೇಕು. ವಗ್ದಿ ಅದನ್ನು ಬರೀ ಸೋಮಾರಿತನದಿಂದ ಸಾಧಿಸಿದ. ಬೆಂದ ಕಾಳು ತುಂಬಿದ ಎರಡು ಫೂಲ್ ಸ್ಯಾಂಡ್‌ವಿಚ್ಚಿಗಾಗಿ ಏಳು ಮಹಡಿ ಇಳಿದು ಹತ್ತುವವರು ಯಾರೆಂದು, ಕೈಗೆ ಸಿಕ್ಕ ಚೌಕಳಿ ಕಾಗದದ ಮೇಲೆ ‘ಎರಡು ಫೂಲ್, ಉಪ್ಪಿನಕಾಯಿ ಜಾಸ್ತಿ’ ಎಂದು ಬರೆದು, ಬುಟ್ಟಿಯಲ್ಲಿಟ್ಟು ಕೆಳಗಿನ ಅಂಗಡಿಗೆ ಹಗ್ಗ ಬಿಟ್ಟ. ಕಾಗದದ ಇನ್ನೊಂದು ಮಗ್ಗುಲನ್ನು ನೋಡಲಿಲ್ಲ. ಶುಬ್ರಾ ಬಡಾವಣೆಯ ಆ ಗಲ್ಲಿಯಲ್ಲಿ ಒಂದು ಬುಟ್ಟಿ ಇಳಿದರೆ ಹತ್ತು ತಲೆ ಇಣುಕುತ್ತವೆ ಎಂಬುದೂ ಅವನಿಗೆ ಮರೆತುಹೋಗಿತ್ತು.

ಇನ್ನೊಂದು ಮಗ್ಗುಲಲ್ಲಿ ಅವನೇ ಬರೆದ ಕಚ್ಚಾ ಚಿತ್ರವಾಗಿ ಇಡೀ ಗಲ್ಲಿಯೇ ಇತ್ತು. ಮನೆಮನೆ, ಮಹಡಿ ಮಹಡಿ, ತಾರಸಿಯ ಮೇಲಿನ ಪಾರಿವಾಳದ ಗೂಡು, ಎಲ್ಲವೂ.

ವಗ್ದಿ ಮದುವೆ ಕಾರ್ಡು ಅಚ್ಚು ಹಾಕುವ ಪ್ರೆಸ್ಸಿನಲ್ಲಿದ್ದವನು. ಪ್ರೆಸ್ಸು ಮುಚ್ಚಿದ ಮೇಲೆ ಎಂಟು ತಿಂಗಳಿಂದ ತಾರಸಿಯ ಮೇಲಿನ ತನ್ನ ಕೋಣೆಯಲ್ಲಿ ಕೂತು ವಿಡಿಯೊ ಗೇಮಿಗೆ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದ. ಸಾಸಿವೆಯಷ್ಟು ಚೌಕ ಚುಕ್ಕೆಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಜೋಡಿಸಿ, ಊರನ್ನು ಎತ್ತರದ ಒಂದು ಮೂಲೆಯಿಂದ ಓರೆಯಾಗಿ ನೋಡಿದಂತೆ ಬರೆಯುವ ವಿದ್ಯೆ ಅದು. ಅಡ್ಡಕ್ಕೆ ಎರಡು ಚುಕ್ಕೆ, ಕೆಳಕ್ಕೆ ಒಂದು; ಗೆರೆ ಹಾಗೇ ಮೆಟ್ಟಿಲಿಳಿಯಬೇಕು. ಒಂದು ಚುಕ್ಕೆ ತಪ್ಪಿದರೆ ಮನೆ ಕುಡಿದವನಂತೆ ವಾಲುತ್ತದೆ. ದೂರದ ಮನೆ ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬ ಭೇದವಿಲ್ಲ. ಪ್ರತಿ ಮನೆಯ ಎರಡು ಗೋಡೆ ಮತ್ತು ತಾರಸಿ ಕಾಣುತ್ತವೆ. ಉಳಿದೆರಡು ಗೋಡೆಗಳ ಕತೆ ದೇವರಿಗೇ ಗೊತ್ತು.

ಕೊನೆಗೂ ಒಂದು ಗೇಮ್ ಕಂಪನಿ ಪರೀಕ್ಷೆ ಕೊಟ್ಟಿತ್ತು. ‘ನಿಮಗೆ ಗೊತ್ತಿರುವ ಒಂದು ಗಲ್ಲಿ ಬರೆದು ಇಂದು ಸಂಜೆ ಐದರೊಳಗೆ ಕಳಿಸಿ. ಹಿಡಿಸಿದರೆ ಕೆಲಸ ನಿಮ್ಮದು.’ ವಗ್ದಿ ತನ್ನದೇ ಗಲ್ಲಿಯನ್ನು ಬರೆದಿದ್ದ, ನೆರಳು ತುಂಬುವುದಷ್ಟೇ ಬಾಕಿ. ಇದು ತಪ್ಪಿದರೆ ಮೂವತ್ತಾರನೇ ವಯಸ್ಸಿನಲ್ಲಿ ಅಕ್ಕನ ಗಂಡನ ಕೋಳಿ ಅಂಗಡಿಯಲ್ಲಿ ಪುಕ್ಕ ಕೀಳುವ ಕೆಲಸ ಕಾದಿತ್ತು. ನೆನೆದರೇ ಅವನಿಗೆ ಸೀನು ಬರುತ್ತಿತ್ತು.

ಬುಟ್ಟಿ ಮೇಲೆ ಬರಲಿಲ್ಲ. ಬದಲಿಗೆ ಕಟ್ಟಡದ ಕಾವಲುಗಾರ ಗಾಬರ್ ಆ ಕಾಗದ ಹಿಡಿದು ಏದುಸಿರು ಬಿಡುತ್ತ ತಾನೇ ಹತ್ತಿ ಬಂದ. ಜೇಬಿನಲ್ಲಿ ಪೆನ್ನಿರುವ ಯಾರನ್ನು ಕಂಡರೂ ‘ಎಂಜಿನಿಯರ್ ಸಾಹೇಬ್ರೇ’ ಎನ್ನುವುದು ಅವನ ರೂಢಿ. ಇವತ್ತು ಮಾತ್ರ ಅದನ್ನು ನಂಬಿಕೊಂಡೇ ಅಂದ.

“ಎಂಜಿನಿಯರ್ ಸಾಹೇಬ್ರೇ, ಪುರಸಭೆಯೋರು ನಿಮ್ಮನ್ನ ನಕ್ಷೆ ಬರೆಯೋಕೆ ಇಟ್ಕೊಂಡಿದಾರೆ ಅಂತ ನನಗೊಂದು ಮಾತು ಹೇಳ್ಬಾರ್ದಾ?”

“ಯಾವ ಪುರಸಭೆ, ಗಾಬರ್ ಚಿಕ್ಕಪ್ಪ? ಇದು ಆಟಕ್ಕೆ ಬರೀತಿರೋದು.”

“ಆಯ್ತು, ಆಟಕ್ಕೇ. ನಾನು ಬಾವಿ ಇದ್ದಂಗೆ, ಒಳಗೆ ಬಿದ್ದ ಮಾತು ಮೇಲೆ ಬರಲ್ಲ,” ಎಂದು ಗಾಬರ್ ಕಣ್ಣು ಮಿಟುಕಿಸಿದ. ಬಾವಿ ಅಷ್ಟರಲ್ಲಾಗಲೇ ಗಲ್ಲಿ ತುಂಬ ಉಕ್ಕಿ ಹರಿದಿತ್ತು.

ಜನರ ತಪ್ಪೂ ಅಲ್ಲ. ಹಿಂದಿನ ವಾರವಷ್ಟೇ ಪಕ್ಕದ ಬೀದಿಗೆ ಬುಲ್ಡೋಜರ್ ಬಂದು ಪರವಾನಗಿಯಿಲ್ಲದ ಎರಡು ಮಹಡಿ ಕೆಡವಿ ಹೋಗಿತ್ತು. ಈ ಗಲ್ಲಿಯಲ್ಲೋ, ಪರವಾನಗಿಯ ಕಾಗದದಲ್ಲಿದ್ದಷ್ಟೇ ಎತ್ತರಕ್ಕೆ ನಿಂತ ಮನೆ ಒಂದೂ ಇರಲಿಲ್ಲ.

ಮೊದಲು ಬಂದವಳು ಏಳನೇ ಮಹಡಿಯ ಉಮ್ ಬಾಸಿಮ್, ಕೈಯಲ್ಲಿ ಅಕ್ಕಿ ತುಂಬಿ ಬೇಯಿಸಿದ ದ್ರಾಕ್ಷಿ ಎಲೆ ಸುರುಳಿಗಳ ಪಾತ್ರೆ.

“ತಿನ್ನು ಮಗಾ, ಎಷ್ಟು ಸೊರಗಿದ್ದೀಯ!” ಎನ್ನುತ್ತಲೇ ಪರದೆಗೆ ಮೂಗು ತಾಗಿಸಿದಳು. “ಅಯ್ಯಯ್ಯೋ! ನನ್ನ ಪಾರಿವಾಳದ ಗೂಡು! ನಾನು ಒಣಹಾಕಿದ ಕೆಂಪು ಲಂಗಾನೂ ಬರ್ದಿದ್ದೀಯಲ್ಲೋ!”

“ಅದು ಮೂರೇ ಮೂರು ಚುಕ್ಕೆ, ಅಮ್ಮಾ.”

“ಪುರಸಭೆಯೋರಿಗೆ ಮೂರು ಚುಕ್ಕೆ ಸಾಲ್ದಾ? ಅಳಿಸು.”

“ಇದು ಗೇಮಿಗೆ, ದೇವರಾಣೆ.”

“ಮೀಸೇಲಿ ಬಿಳಿಕೂದ್ಲು ಬಂದಿರೋ ಗಂಡಸು ಬೆಳಗಿಂದ ಸಂಜೆವರೆಗೂ ಆಟಕ್ಕೆ ಮನೆ ಬರೀತಾನಾ? ಸುಳ್ಳು ಹೇಳೋದಾದ್ರೂ ಸರಿಯಾಗಿ ಕಲಿ, ಮಗಾ.”

ಅಷ್ಟರಲ್ಲಿ ಇಸ್ತ್ರಿ ಅಂಗಡಿಯ ಬುಶ್ರಾ ಬಂದ. ಅವನ ಮೇಜು, ಚಪ್ಪರ, ಹೊಗೆ ಎಲ್ಲ ಅರ್ಧ ಬೀದಿಯನ್ನೇ ನುಂಗಿದ್ದವು. ಆದರೆ ಚಿತ್ರದಲ್ಲಿ ಅವನ ಅಂಗಡಿ ಆ ಕಡೆಗೆ ತಿರುಗಿತ್ತು, ಕಂಡದ್ದು ಹಿಂಬದಿಯ ಗೋಡೆ ಮಾತ್ರ. ಬುಶ್ರಾ ವಗ್ದಿಯ ಹಣೆಗೆ ಮುತ್ತಿಟ್ಟ.

“ನನ್ನ ಮಾನ ಮುಚ್ಚಿದೆಯಲ್ಲಪ್ಪಾ, ದೇವರು ನಿನ್ನನ್ನ ಚೆನ್ನಾಗಿಟ್ಟಿರ್ಲಿ!”

ಉಮ್ ಬಾಸಿಮ್ ಸೊಂಟಕ್ಕೆ ಕೈಯಿಟ್ಟಳು. “ಇವನೇನು ಕೊಟ್ಟ ನಿಂಗೆ? ನನ್ನ ಮನೇನೂ ಆ ಕಡೆ ತಿರುಗಿಸು.”

“ಒಂದೇ ಮನೆ ತಿರುಗಿಸೋಕಾಗಲ್ಲ, ಅಮ್ಮಾ. ಇಡೀ ಗಲ್ಲಿ ತಿರುಗಬೇಕು. ಆಗ ಬುಶ್ರಾ ಅಂಗಡಿ ಈ ಕಡೆ ಬರುತ್ತೆ.”

“ಗಲ್ಲಿ ಅಲ್ಲಾಡಿದ್ರೆ ನೋಡಿ!” ಎಂದ ಬುಶ್ರಾ. “ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಕೆಳಗೆ ಕಾಯ್ತಿದೆ.”

ವಗ್ದಿ ಲಂಗ ಅಳಿಸಿದ. ಪಾರಿವಾಳಗಳನ್ನು ಓಡಿಸಿದ. ಮೂರು ಗಂಟೆಯ ಹೊತ್ತಿಗೆ ತಂತಮ್ಮ ಮಹಡಿ ಅಳಿಸಿಸಲು ಬಂದವರ ಸಾಲು ಮೆಟ್ಟಿಲ ಮೇಲೆ ಬೆಳೆದಿತ್ತು. ಸಾಲನ್ನು ಸೀಳಿಕೊಂಡು, ತಸ್ಬಿಯ ಜಪಮಣಿ ಎಣಿಸುತ್ತ ಬಂದವನು ಕಟ್ಟಡದ ಮಾಲೀಕ ಹಾಜಿ ಶಲಬಿ. ಬಂದವನೇ ಮಣಿ ಬಿಟ್ಟು ಚಿತ್ರದ ಮಹಡಿಗಳನ್ನು ಎಣಿಸಿದ.

“ಏಳು? ನನ್ನ ಕಟ್ಟಡಕ್ಕೆ ಏಳು ಎಲ್ಲಿಂದ ಬಂತಯ್ಯ? ಪರವಾನಗೀಲಿ ಐದಿದೆ.”

“ಹಾಜಿ, ಈಗ ನಾವು ನಿಂತಿರೋದೇ ಏಳರ ತಲೆ ಮೇಲೆ.”

“ನಿಲ್ಲೋದು ಬೇರೆ, ಬರಿಯೋದು ಬೇರೆ.” ಹಾಜಿ ದನಿ ತಗ್ಗಿಸಿದ. “ನಿನ್ನ ರೂಮಿಗೆ ಕರೆಂಟು ನನ್ನ ಮೀಟರಿಂದ ಬರುತ್ತೆ ಮಗನೇ. ವಯರು ನನ್ನ ಬಾಗಿಲ ಪಕ್ಕದಲ್ಲೇ ಹಾದು ಬರುತ್ತೆ. ಈ ನಡುವೆ ಇಲಿ ಕಾಟ ಬೇರೆ ಜಾಸ್ತಿ.”

ವಗ್ದಿ ಗಡಿಯಾರ ನೋಡಿದ. ಕರೆಂಟು ಹೋದರೆ ಕೋಳಿ ಪುಕ್ಕವೇ ಗತಿ. ಹೇಗಿದ್ದರೂ ಕಂಪನಿಯವರು ನೋಡುವುದು ಕೈಚಳಕವನ್ನು, ಮಹಡಿಗಳ ಲೆಕ್ಕವನ್ನಲ್ಲ. ಆರು, ಏಳನೇ ಮಹಡಿಗಳಿಗೆ ಕೈ ಹಾಕಿದ. “ನನ್ನ ಮನೆ ನುಣ್ಣಗೆ ಅಳಿಸು ಮಗಾ, ಒಂದು ಕಿಟಕೀನೂ ಉಳಿಸ್ಬೇಡ,” ಎಂದು ಉಮ್ ಬಾಸಿಮ್ ಬೆನ್ನು ಸವರಿದಳು. ಸಾಲಿನಲ್ಲಿದ್ದವರ ಹೆಚ್ಚುವರಿ ಮಹಡಿಗಳೂ ಹೀಗೇ ಹೋದವು. ಕೊನೆಗೆ ಉಳಿದದ್ದು ತಾರಸಿಯ ಮೇಲಿನ ಅವನದೇ ಕೋಣೆ. ಅದರ ನೀಲಿ ಕಿಟಕಿಗೆ ಅವನು ಎರಡು ದಿನ ಕೂತಿದ್ದ. ಹಾಜಿ ಕೆಮ್ಮಿದ. ಅದೂ ಹೋಯಿತು.

ಐದಕ್ಕೆ ಎರಡು ನಿಮಿಷವಿರುವಾಗ ಚಿತ್ರ ಕಂಪನಿಗೆ ಹೋಯಿತು. ಐದು ಮಹಡಿಯ ಸಾಲು ಮನೆಗಳು, ಬೋಳು ತಾರಸಿಗಳು, ಬೀದಿಯಲ್ಲಿ ಒಂದು ಕುರ್ಚಿಯೂ ಇಲ್ಲ. ಆದರೂ ಗೆರೆ ಗೆರೆಯೂ ಸರಿಯಾಗಿತ್ತು. ವಗ್ದಿ ಆಸೆ ಬಿಡಲಿಲ್ಲ.

ಐದೂವರೆಗೆ ಕಂಪನಿಯಿಂದ ಇಂಜಿ ಎಂಬ ಮೇಡಂ ಫೋನ್ ಮಾಡಿದಳು.

“ವಗ್ದಿಯವರೇ, ಏನು ಕೈ ನಿಮ್ಮದು! ಒಂದು ಚುಕ್ಕೆ ತಪ್ಪಿಲ್ಲ.”

“ಹಾಗಾದ್ರೆ ಕೆಲಸ...?”

“ಅದೇ ಬೇಜಾರು. ನಮ್ಮ ಆಟ ಏನು ಅಂತ ಗುಟ್ಟಾಗಿಟ್ಟಿದ್ವಿ. ಆಡೋರು ಬುಲ್ಡೋಜರ್ ಓಡಿಸ್ಬೇಕು, ಗಲ್ಲೀಲಿರೋ ಕಳ್ಳ ಮಹಡಿ ಹುಡುಕಿ ಹುಡುಕಿ ಕೆಡವ್ಬೇಕು. ನಿಮ್ಮ ಗಲ್ಲೀಲಿ ಕೆಡವೋಕೆ ಒಂದು ಇಟ್ಟಿಗೇನೂ ಇಲ್ಲ. ಗೊತ್ತಿರೋ ಗಲ್ಲಿ ಬರೀರಿ ಅಂದ್ರೆ ಸ್ವರ್ಗದ ಗಲ್ಲಿ ಬರ್ದಿದ್ದೀರಲ್ಲ!”

“ಮೇಡಂ, ಬೆಳಿಗ್ಗೆ ಏಳು ಮಹಡಿ ಇತ್ತು! ಪಾರಿವಾಳ ಇತ್ತು! ಲಂಗ ಇತ್ತು!”

“ಲಂಗಾನಾ?” ಎಂದಳು ಇಂಜಿ ಮೇಡಂ. ಕೆಲಸ ಆಗಲೇ ಬೇರೊಬ್ಬರಿಗೆ ಹೋಗಿತ್ತು. ವಗ್ದಿ ಹಳೆಯ ಚಿತ್ರ ಹುಡುಕಿದ. ಗಡಿಬಿಡಿಯಲ್ಲಿ ಅದರ ಮೇಲೆಯೇ ಹೊಸದನ್ನು ಸೇವ್ ಮಾಡಿಬಿಟ್ಟಿದ್ದ.

ಬಾಗಿಲು ತೆರೆದರೆ ಇಡೀ ಗಲ್ಲಿ ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ನಿಂತಿತ್ತು.

“ಏನಂದ್ರು?” ಕೇಳಿದ ಹಾಜಿ.

ವಗ್ದಿಗೆ ವಿವರಿಸುವ ತ್ರಾಣವಿರಲಿಲ್ಲ. “ಈ ಗಲ್ಲೀಲಿ ಕೆಡವೋಕೆ ಏನೂ ಇಲ್ಲ ಅಂದ್ರು.”

ಉಮ್ ಬಾಸಿಮ್ ನಾಲಗೆ ಹೊರಳಿಸಿ ಹಾಕಿದ ಹರ್ಷದ ಕೂಗಿಗೆ ಪಾರಿವಾಳಗಳೆಲ್ಲ ಮೇಲೆದ್ದವು. ಯಾರೋ ಶರಬತ್ತು ತಂದರು. ಬುಶ್ರಾ ವಗ್ದಿಯನ್ನು ಅನಾಮತ್ತಾಗಿ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಹಾಜಿ ಕಣ್ಣೊರೆಸಿಕೊಂಡು ಕೂಗಿದ:

“ಪುರಸಭೆಯೋರೇ ಬಾಯಿಬಿಟ್ಟು ಹೇಳಿದ್ಮೇಲೆ ಇನ್ನೇನು ಭಯ? ಗಾಬರ್, ಮೇಸ್ತ್ರಿಗೆ ಫೋನ್ ಮಾಡು! ನಾಳೆ ಬೆಳಿಗ್ಗೇನೇ ಎಂಟನೇ ಮಹಡಿ ಶುರು!”

“ಎಲ್ಲಿ ಕಟ್ತೀರಿ, ಹಾಜಿ?” ಎಂದು ವಗ್ದಿ ಹೆಗಲ ಮೇಲಿಂದಲೇ ಗಾಬರಿಯಾಗಿ ಕೇಳಿದ.

“ಇಲ್ಲೇ ಕಣಪ್ಪಾ, ನಿನ್ನ ರೂಮಿರೋ ಜಾಗದಲ್ಲಿ. ಹೇಗೂ ನಿನ್ನ ನಕ್ಷೇಲಿ ಆ ರೂಮೇ ಇಲ್ವಲ್ಲ!”