ಮಾಳಿಗೆ ಮೇಲಿಂದ ಕೇಳಿದ ಧಾರಾವಾಹಿ

ಟಿ.ವಿ. ರಿಪೇರಿಯವನ ಬಾಳಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗಬಾರದೆಂದು ಬಾಗಿಲು ಹಾಕಿಕೊಂಡು ಮನೆಯಲ್ಲಿದ್ದರೆ ಮನೆಗೇ ಬಂದು ಆಗುತ್ತವೆ.

ಎಪ್ಪತ್ತರ ದಶಕದಲ್ಲಿ ನಾನು ಕೊಪ್ಪಳದ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಅದು ಕೂತು ಮಾಡುವ ಕೆಲಸ, ನನಗೋ ಕೂಡಲು ಬರುವುದಿಲ್ಲ. "ಇವನ ಕಾಲಾಗ ಚಕ್ರ ಅದಾವ" ಎಂದು ನಮ್ಮವ್ವ ಕಂಡವರಿಗೆಲ್ಲ ಹೇಳುತ್ತಿದ್ದಳು. ಎಂಬತ್ತರ ದಶಕದಲ್ಲಿ ಟಿ.ವಿ. ಬಂದು ನನ್ನನ್ನು ಅಂಗಡಿಯಿಂದ ಎಬ್ಬಿಸಿ ಜನರ ಮಾಳಿಗೆ ಹತ್ತಿಸಿತು. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಂದು ಸ್ಪ್ಯಾನರ್ ಹಿಡಿದು ಬಸ್ಸಿನಲ್ಲಿ ಓಡಾಡಿದ್ದೇ ಓಡಾಡಿದ್ದು.

ಆಗ ಭಾನುವಾರ ಬೆಳಿಗ್ಗೆ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ದೊಡ್ಡ ಮನೆತನದ ಕಥೆ. ಹಿರಿಯ ಮಗ ಅಪ್ಪನ ಜೊತೆ ಜಗಳಾಡಿ ಮನೆ ಬಿಟ್ಟು ಹೋಗಿದ್ದಾನೆ. ಹೆಂಡತಿ ಆ ಮನೆಯನ್ನು ನಡೆಸಿಕೊಂಡು ಅವನ ದಾರಿ ಕಾಯುತ್ತಿದ್ದಾಳೆ. ಅವನು ಬರುತ್ತಾನೋ ಇಲ್ಲವೋ? ಸಂತೆಯಲ್ಲಿ, ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ ಅದೇ ಮಾತು. ನನಗೂ ಅದು ತಿಳಿಯದಿದ್ದರೆ ಊಟ ಸೇರುತ್ತಿರಲಿಲ್ಲ. ಆದರೆ ಜನರ ಟಿ.ವಿ. ಕೆಡುತ್ತಿದ್ದದ್ದೇ ಭಾನುವಾರ ಬೆಳಿಗ್ಗೆ. ಎಲ್ಲರೂ ಕೆಳಗೆ ಕೂತು ನೋಡುವಾಗ ನಾನು ಮೇಲೆ ಆಂಟೆನಾ ಹಿಡಿದು ನಿಂತಿರುತ್ತಿದ್ದೆ. ಒಂದು ಕಂತನ್ನಾದರೂ ಪೂರ್ತಿ ನೋಡಬೇಕು ಎಂಬುದೊಂದೇ ನನ್ನ ಆಸೆ. ಅದಕ್ಕೆ ಅಡ್ಡ ಬಂದವರ ಕಥೆಗಳು ಇವು.

ಮಾತು ಬಿಟ್ಟವರ ಮನೆ

ಭಾಗ್ಯನಗರದ ಒಂದು ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದರು. ಆಂಟೆನಾ ತಿರುಗಿಸುವ ಕೆಲಸಕ್ಕೆ ಮೂರು ಜನ ಬೇಕು. ಮಾಳಿಗೆ ಮೇಲೆ ನಾನು, ಒಳಗೆ ಟಿ.ವಿ. ಮುಂದೆ ಸೊಸೆ, ನಡುವೆ ಅಂಗಳದಲ್ಲಿ ಕೂಗಿ ಹೇಳಲು ಅತ್ತೆ.

"ಚಿತ್ರ ಬಂತೇನ್ರೀ ಅವ್ವಾ?" ಎಂದು ನಾನು ಕೂಗಿದೆ.

"ನನಗೇನ್ ಗೊತ್ತು? ಒಳಗಿದ್ದಾಕಿನ್ನ ಕೇಳಪಾ."

"ನೀವ ಕೇಳ್ರಿ, ನನ್ನ ದನಿ ಒಳಗ ಮುಟ್ಟವಲ್ದು."

"ನಾ ಕೇಳಾಂಗಿಲ್ಲ" ಎಂದು ಅತ್ತೆ ತೊಲೆಕಂಬದ ಕಡೆ ಮುಖ ಮಾಡಿ, "ಏ ಕಂಬಾ, ಚಿತ್ರ ಬಂತೇನು?" ಎಂದರು.

"ಕಂಬಕ್ಕ ಹೇಳ್ರಿ, ಬರೇ ಅಕ್ಕಿಕಾಳು ಕುಣಿಯಾಕತ್ತಾವ ಅಂತ" ಎಂದು ಒಳಗಿಂದ ಉತ್ತರ ಬಂತು.

ಹೀಗೆ ಕಂಬದ ಮೂಲಕ ಮಾತುಕತೆ ನಡೆದು ನಡೆದು, ಕಥೆ ಶುರುವಾಗುವ ಹೊತ್ತಿಗೆ ಇಬ್ಬರೂ ಕಂಬ ಮರೆತು ನೇರ ಮಾತಿಗಿಳಿದರು. "ಈಗ?" "ಸ್ವಲ್ಪ ಬಂತ್ರಿ ಅತ್ತಿ!" "ಇನ್ನಷ್ಟು ತಿರುಗಿಸು ಅನ್ನಲೇನ?" "ಹೂಂನ್ರಿ!" ಚಿತ್ರ ಸರಿಹೋಯಿತು. ನನ್ನ ಕಂತು ಹೋಯಿತು.

ಮುಂದಿನ ಭಾನುವಾರ ಮತ್ತೆ ಕರೆ. ಅದರ ಮುಂದಿನ ಭಾನುವಾರವೂ ಅದೇ. ನಾನು ಬಿಗಿದು ಬಂದ ಆಂಟೆನಾ ಪ್ರತಿ ವಾರ ಬೇರೆ ದಿಕ್ಕಿಗೆ ತಿರುಗಿರುತ್ತಿತ್ತು. ನನಗೆ ತಲೆ ಕೆಟ್ಟು, ಒಂದು ವಾರ ಕರೆಯುವ ಮೊದಲೇ ಹೋಗಿ ಏಣಿ ಹತ್ತಿದೆ. ಮಾಳಿಗೆ ಮೇಲೆ ಮನೆಯ ಯಜಮಾನರೇ ಕುಕ್ಕರಗಾಲಿನಲ್ಲಿ ಕೂತು ಆಂಟೆನಾ ತಿರುವುತ್ತಿದ್ದರು. ನನ್ನನ್ನು ಕಂಡು ಬಾಯಿ ಮೇಲೆ ಬೆರಳಿಟ್ಟರು.

"ಸುಮ್ಮನಿರ್ರಿ. ಇದು ಕೆಟ್ಟಾಗಷ್ಟ ಅವರಿಬ್ರು ಮಾತಾಡ್ತಾರ. ಇನ್ನ ನಾಕು ವಾರ ಕೆಟ್ಟಿರಲಿ, ಆಮ್ಯಾಲ ಸರಿ ಮಾಡೂಣಂತ."

ಮುಖ್ಯ ಅತಿಥಿ

ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ಟಿ.ವಿ. ಚೆನ್ನಾಗಿತ್ತು, ಕರೆಂಟು ಚೆನ್ನಾಗಿರಲಿಲ್ಲ. ಸರಿಯಾಗಿ ಧಾರಾವಾಹಿಯ ಹೆಂಡತಿ ಅಳಲು ಶುರು ಮಾಡಿದಾಗ ಫ್ಯೂಸ್ ಹೋಗುತ್ತಿತ್ತು. ಊರ ಹಿರಿಯರು ಕೂತು ಯೋಚಿಸಿ, ಲೈನ್‌ಮನ್‌ನನ್ನು ಒಲಿಸಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ತೀರ್ಮಾನಿಸಿದರು. ಭಾನುವಾರ ಅವನಿಗೆ ಹಾರ ಹಾಕಿ, ಉಪ್ಪಿಟ್ಟು ಮಿರ್ಚಿ ಭಜಿ ತಿನ್ನಿಸಿ, ಟಿ.ವಿ. ಎದುರಿಗೆ ಊರಿಗಿದ್ದ ಒಂದೇ ಕುರ್ಚಿಯಲ್ಲಿ ಕೂಡಿಸಿದರು. ನಾನು ಆಂಟೆನಾ ಕಟ್ಟಿ ಮುಗಿಸಿದ್ದೆ. ಅವತ್ತಾದರೂ ನೋಡುವೆನೆಂದು ಜನರ ನಡುವೆ ಜಾಗ ಮಾಡಿಕೊಂಡು ಕೂತೆ.

ಕಥೆಯಲ್ಲಿ ಗಂಡನಿಂದ ಏನೋ ಸುದ್ದಿ ಬಂದಿತ್ತು. ಎಲ್ಲರೂ ಪರದೆಯ ಕಡೆ ಬಗ್ಗಿದರು. ಫಟ್ ಎಂದು ಕರೆಂಟು ಹೋಯಿತು.

ಊರಿಗೆ ಊರೇ ಎದ್ದು ನಿಂತಿತು. "ಎಲ್ಲಿ ಸತ್ತಾನ ಆ ಲೈನ್‌ಮನ್? ಹಿಡಕೊಂಡು ಬರ್ರಿ ಅವನ್ನ!" ಎಂದು ಗಂಡಸರೆಲ್ಲ ಟ್ರಾನ್ಸ್‌ಫಾರ್ಮರ್ ಕಡೆ ಓಡಿದರು. ನಾನೂ ಓಡಿದೆ. ನನ್ನ ಪಕ್ಕದಲ್ಲೇ ಒಬ್ಬ ಎಲ್ಲರಿಗಿಂತ ಜೋರಾಗಿ ಬೈಯುತ್ತ ಓಡುತ್ತಿದ್ದ. ನೋಡಿದರೆ ಕೊರಳಲ್ಲಿ ಹಾರ.

"ಏನ್ ಬೇಜವಾಬ್ದಾರಿ ಮನಿಷ್ಯಾರೀ!" ಎನ್ನುತ್ತಿದ್ದ.

ಬೆನ್ನು ತೋರಿಸಿದ ವರ

ಅದೇ ಓಡಾಟದ ದಿನಗಳಲ್ಲಿ ನನಗೆ ಹೆಣ್ಣು ನೋಡಲು ಯಲಬುರ್ಗಾ ತಾಲೂಕಿನ ಮಂಗಳೂರಿಗೆ ಹೋದೆವು. ಭಾನುವಾರ ಬೇಡ ಎಂದು ಅವ್ವನಿಗೆ ಕೈಮುಗಿದೆ. ಅವಳು ಕೇಳಲಿಲ್ಲ. ಹೆಣ್ಣಿನ ಮನೆಯಲ್ಲಿ ಟಿ.ವಿ. ಇತ್ತು. ಹಚ್ಚಿಯೂ ಇತ್ತು. ನನ್ನ ಧಾರಾವಾಹಿಯೇ ಬರುತ್ತಿತ್ತು. ಆದರೆ ಚಿತ್ರ ಕೆಳಗಿನಿಂದ ಮೇಲಕ್ಕೆ ಉರುಳುತ್ತಿತ್ತು. ದಾರಿ ಕಾಯುವ ಆ ಹೆಂಡತಿಯ ಕಾಲು ಮೇಲೆ, ತಲೆ ಕೆಳಗೆ. ಮನೆಯವರು ಅದನ್ನೇ ಒಗ್ಗಿಸಿಕೊಂಡು ನೋಡುತ್ತಿದ್ದರು.

ಚಾಪೆ ಮೇಲೆ ಕೂತವನಿಗೆ ಕೈ ತುರಿಸತೊಡಗಿತು. ಅವ್ವ ತೊಡೆ ಚಿವುಟಿದಳು. ತಡೆದೆ, ತಡೆದೆ, ಆಗಲಿಲ್ಲ. "ಒಂದ ನಿಮಿಷ ರೀ" ಎಂದು ಎದ್ದು, ಕಿಸೆಯಿಂದ ಸ್ಕ್ರೂ ಡ್ರೈವರ್ ತೆಗೆದು ಟಿ.ವಿ. ಹಿಂದಿನ ಮುಚ್ಚಳ ಬಿಚ್ಚಿ ತಲೆ ಹಾಕಿದೆ. ಒಳಗೆ ಹಲ್ಲಿ ಸಂಸಾರ ಹೂಡಿತ್ತು. ಅದನ್ನು ಓಡಿಸಿ, ಬಿಟ್ಟುಹೋದ ವೈರು ಸಿಕ್ಕಿಸಿ, ಚಿತ್ರ ನಿಲ್ಲಿಸಿ ಹೊರಗೆ ಬಂದಾಗ ಧಾರಾವಾಹಿ ಮುಗಿದಿತ್ತು. ಹುಡುಗಿಯೂ ಅವಲಕ್ಕಿ ಕೊಟ್ಟು ಒಳಗೆ ಹೋಗಿದ್ದಳು. ಎರಡನ್ನೂ ನೋಡಲಿಲ್ಲ.

ಬಸ್ಸಿನಲ್ಲಿ ಅವ್ವ ಮುಖ ತಿರುಗಿಸಿ ಕೂತಿದ್ದಳು. ಈ ಸಂಬಂಧ ಮುರಿಯಿತು ಎಂದುಕೊಂಡೆವು. ವಾರದೊಳಗೆ ಹುಡುಗಿ ಒಪ್ಪಿದ್ದಾಳೆ ಎಂದು ಹೇಳಿಕಳಿಸಿದರು. ಮದುವೆಯಾದ ಮೇಲೆ ಒಂದು ದಿನ, ಏನು ನೋಡಿ ಒಪ್ಪಿದೆ ಎಂದು ಹೆಂಡತಿಯನ್ನು ಕೇಳಿದೆ.

"ಬೆನ್ನಷ್ಟ ಕಾಣತಿತ್ರೀ. ಮಾರಿ ಕಂಡಿದ್ರ ವಿಚಾರ ಮಾಡ್ತಿದ್ನೋ ಏನೋ."

ಬಂದನೇನ್ರೀ ಮಾಸ್ತರ?

ಗಂಗಾವತಿ ಹತ್ತಿರ, ಕಾಲುವೆ ನೀರು ಹರಿಯುವ ಒಂದು ಊರಲ್ಲಿ ಪಂಚಾಯ್ತಿಯ ಕಪ್ಪು ಬಿಳುಪಿನ ಟಿ.ವಿ. ಇತ್ತು. ಊರಲ್ಲಿ ಕನ್ನಡವಿತ್ತು, ತೆಲುಗಿತ್ತು, ಹಿಂದಿ ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಆದರೆ ನಿಜಾಮರ ಕಾಲದಲ್ಲಿ ಉರ್ದು ಸಾಲೆ ಕಲಿತ ಒಬ್ಬ ಮುದಿ ಮಾಸ್ತರರಿದ್ದರು. ಟಿ.ವಿ. ಪಕ್ಕದಲ್ಲಿ ನಿಂತು, ಧಾರಾವಾಹಿಯವರು ಒಂದು ಮಾತು ಆಡಿದರೆ ಇವರು ಹತ್ತು ಮಾತಿನಲ್ಲಿ ಕನ್ನಡಕ್ಕೆ ತಿರುಗಿಸುತ್ತಿದ್ದರು. ಧಾರಾವಾಹಿಯ ಹಿಂದಿಯಲ್ಲಿ ಸಂಸ್ಕೃತ ಜಾಸ್ತಿ, ಅರ್ಧ ಮಾಸ್ತರರಿಗೆ ತಿಳಿಯುತ್ತಿರಲಿಲ್ಲ. ಆ ಅರ್ಧವನ್ನು ತಾವೇ ಕಟ್ಟುತ್ತಿದ್ದರು. ಒಮ್ಮೆ ಉತ್ತರದ ಕಡೆಯಿಂದ ಬಂದಿದ್ದ ಬ್ಯಾಂಕಿನವನೊಬ್ಬ, "ಕಥೆ ಹಾಗಿಲ್ಲ" ಎಂದು ಅರೆಬರೆ ಕನ್ನಡದಲ್ಲಿ ಹೇಳಿದ. ಭತ್ತದ ನಾಟಿಗೆ ಹೋಗುವ ದೊಡ್ಡವ್ವ ಎಂಬವಳು ಯಾವಾಗಲೂ ಮುಂದಿನ ಸಾಲಿನಲ್ಲಿ ಕೂಡುತ್ತಿದ್ದಳು. ಅವಳು ತಿರುಗಿ, "ನಿಮಗ ಹಿಂದಿ ಬರತೈತ್ರಿ ಸಾಹೇಬ್ರ, ಕಥಿ ಬರೂದಿಲ್ಲ. ಸುಮ್ಮನ ಕುಂದರ್ರಿ" ಎಂದಳು.

ಕೊನೆಯ ಕಂತಿನ ದಿನ ನಾನು ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಚಾಪೆ ಹಾಸಿಕೊಂಡಿದ್ದೆ. ಬೆಳಗಾಗುತ್ತಲೇ ಆ ಊರಿನಿಂದ ಮೋಟಾರ್ ಸೈಕಲ್ ಬಂದು ನಿಂತಿತು. ಗಾಳಿಗೆ ಆಂಟೆನಾದ ಕಂಬ ಸಡಿಲಾಗಿದೆ, ಊರಿನ ಮಾನ ನಿಮ್ಮ ಕೈಯಲ್ಲಿದೆ ಎಂದರು. ಹೋಗಿ ನೋಡಿದರೆ ಬೋಲ್ಟಿನ ಸುತ್ತು ಸವೆದು ಬಿಗಿ ನಿಲ್ಲುತ್ತಿರಲಿಲ್ಲ. ಕೈಯಲ್ಲಿ ಹಿಡಿದರೆ ಚಿತ್ರ, ಬಿಟ್ಟರೆ ಇಲ್ಲ. ಬೇರೆ ಯಾರು ಹಿಡಿದರೂ ನಿಲ್ಲದು. ಕಡೆಗೆ ಕೊನೆಯ ಕಂತಿಗೂ ನಾನು ಪಂಚಾಯ್ತಿ ಮಾಳಿಗೆ ಮೇಲೆ ಕಂಬ ತಬ್ಬಿಕೊಂಡು ನಿಂತೆ. ಅಳು ಬರುವುದೊಂದು ಬಾಕಿ. ನನಗೆ ಕೇಳುತ್ತಿದ್ದದ್ದು ಮಾಸ್ತರರ ದನಿ ಮಾತ್ರ.

"ಅಕಿ ಟೇಶನ್ನಿಗೆ ಬಂದು ನಿಂತಾಳ" ಎಂದರು ಮಾಸ್ತರರು.

"ಬಂದನೇನ್ರೀ ಮಾಸ್ತರ?" ಎಂದು ನಾನು ಮೇಲಿಂದ ಕೂಗಿದೆ.

"ತಡಿಯೋ ಮಾರಾಯಾ, ಇನ್ನಾ ರೈಲ ಬಂದಿಲ್ಲ!"

ರೈಲು ಬಂತು. ಜನ ಇಳಿದರಂತೆ. ಮಾಸ್ತರರು ಮಾತಾಡಲಿಲ್ಲ. ನಾನು ಕಂಬವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿದೆ. "ಎಲ್ಲಿ ಅದಾನ್ರೀ?" ಎಂದು ದೊಡ್ಡವ್ವ ಕೇಳಿದ್ದು ನನಗೂ ಕೇಳಿಸಿತು. ಆಗ ಮಾಸ್ತರರು ಒಮ್ಮೆಲೇ ಕೂಗಿದರು: "ಬಂದಾ! ಅಕಾ ಅಲ್ಲಿ, ತಲಿ ಮ್ಯಾಲ ಟ್ರಂಕ್ ಹೊತಗೊಂಡು ಬರಾಕತ್ತಾನ ನೋಡ್ರಿ, ಅವನ! ಗಡ್ಡ ಬಿಟ್ಟಾನ, ಅದಕ್ಕ ಅಕಿಗೆ ಗುರ್ತು ಸಿಗವಲ್ದು!"

ಸಿಳ್ಳೆ, ಚಪ್ಪಾಳೆ, ಹೆಂಗಸರ ಅಳು. ಯಾರೋ ಸಕ್ಕರೆ ಹಂಚಿದರು. ನನಗೂ ಮೇಲಕ್ಕೆ ಒಂದು ಚಿಟಿಕೆ ಬಂತು. ನೋಡದಿದ್ದರೂ ಬಂದನಲ್ಲ ಎಂದು ಸಮಾಧಾನದಿಂದ ಊರಿಗೆ ಮರಳಿದೆ.

ಆಮೇಲೆ ಎಷ್ಟೋ ವರ್ಷ ಹೋದವು. ಆಂಟೆನಾಗಳು ಇಳಿದವು, ಕೇಬಲ್ ಬಂತು, ನನ್ನ ಏಣಿ ಹಟ್ಟಿಯ ಕೋಳಿಗಳ ಪಾಲಾಯಿತು. ಆ ಧಾರಾವಾಹಿಯನ್ನು ಯಾವುದೋ ಚಾನೆಲ್ಲಿನವರು ನಡುಮಧ್ಯಾಹ್ನ, ಮನೆಮಂದಿಯೆಲ್ಲ ಹೊರಗಿರುವ ಹೊತ್ತಿನಲ್ಲಿ ಮತ್ತೆ ಹಾಕತೊಡಗಿದರು. ಒಂದು ಕಾಲಕ್ಕೆ ಬೀದಿ ಖಾಲಿ ಮಾಡಿಸಿದ ಕಥೆಗೆ ಈಗ ನೋಡುವವರಿಲ್ಲ ಎಂದು ನನಗೆ ಸಂಕಟವಾಯಿತು. ಕೊನೆಯ ಕಂತು ಬರುವ ದಿನ ಮನೆಯಲ್ಲಿ ಒಬ್ಬನೇ ನೋಡಲು ಮನಸ್ಸಾಗಲಿಲ್ಲ. ಬಸ್ ಹತ್ತಿ ಆ ಊರಿಗೆ ಹೋದೆ. ಮಾಸ್ತರರು ತೀರಿಕೊಂಡಿದ್ದರು. ದೊಡ್ಡವ್ವ ಇದ್ದಳು, ಅವಳ ಮನೆಯಲ್ಲಿ ಬಣ್ಣದ ಟಿ.ವಿ. ಇತ್ತು. ಅದನ್ನೇ ನೋಡುತ್ತಿದ್ದಳು.

ಟೇಶನ್ ಬಂತು, ರೈಲು ಬಂತು, ಜನ ಇಳಿದರು. ನಾನು ಕುರ್ಚಿಯ ತುದಿಗೆ ಸರಿದೆ. ಟ್ರಂಕ್ ಹೊತ್ತವನು ಬಂದ. ಗಡ್ಡವೂ ಇತ್ತು. ಮೈಮೇಲೆ ಕೆಂಪು ಅಂಗಿ, ತೋಳಿಗೆ ಹಿತ್ತಾಳೆಯ ಬಿಲ್ಲೆ. ಅಪ್ಪಟ ರೈಲ್ವೆ ಹಮಾಲ. ಆ ಹೆಣ್ಣುಮಗಳ ಪಕ್ಕದಲ್ಲೇ ಹಾದುಹೋದ. ಅವಳು ಖಾಲಿ ಹಳಿ ನೋಡುತ್ತ ನಿಂತಳು, ಕಥೆ ಮುಗಿಯಿತು. ಗಂಡ ಬರಲೇ ಇಲ್ಲ.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದೆ: "ದೊಡ್ಡವ್ವಾ, ಅವ ಗಂಡ ಅಲ್ಲಬೇ! ಹಮಾಲ! ಕಪ್ಪು ಬಿಳುಪಿನಾಗ ನಿಮಗ ಕೆಂಪು ಅಂಗಿ ಕಂಡಿಲ್ಲ! ಊರಿಗೂರ ಒಬ್ಬ ಹಮಾಲನ ಸಲುವಾಗಿ ಸಕ್ರಿ ಹಂಚೇತಿ!"

ದೊಡ್ಡವ್ವ ಟಿ.ವಿ. ಕಡೆಯಿಂದ ಕಣ್ಣು ತೆಗೆಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹಮಾಲ ಅನ್ನೂದು ನನಗೂ ಕಾಣತೈತಿ. ಇಷ್ಟು ವರ್ಷ ಎಲ್ಲಿದ್ದ ಅಂತ ಈಗ ಗೊತ್ತಾತು ನೋಡು. ಅದ ಟೇಶನ್ನಾಗ ದುಡಕೋಂತ ಇದ್ದ, ಅಪ್ಪನ ಮುಂದ ಬರಾಕ ನಾಚಿಕಿ, ಪಾಪ. ಆ ಟ್ರಂಕ್ ಇಳಿಸಿ ಬರ್ತಾನ. ನೀ ಮದ್ಲ ಕುಂದ್ರು."

ಪರದೆ ಮೇಲೆ ಸಾಬೂನಿನ ಜಾಹೀರಾತು ಶುರುವಾಗಿತ್ತು. ಆದರೂ ಕೂತೆ.