ಮಗ್ಗದವರು ಜಲಪಾತ ನೋಡಲು ಹೋದದ್ದು

ನಾವು ಇಚಲಕರಂಜಿಯ ಮಗ್ಗದವರು ಕಾರಖಾನೆ ಬಿಟ್ಟು ನಾಲ್ಕು ಹೆಜ್ಜೆ ಹೊರಗೆ ಹೋದರೆ ಏನಾದರೊಂದು ಆಗಿಯೇ ತೀರುತ್ತದೆ. ಒಳಗಿದ್ದಷ್ಟು ಹೊತ್ತು ಮಾತ್ರ ನಾವು ಭಾಳ ಶಾಣ್ಯಾ ಮಂದಿ.

೧. ವಿಚಾರಣೆ

ಅರವತ್ತರ ದಶಕದ ಒಂದು ಶ್ರಾವಣದಲ್ಲಿ ಅವ್ವ ಮೊದಲ ಸಲ ಊರಿನಿಂದ ನಮ್ಮ ಮನೆಗೆ ಬಂದಳು. ಚಂದಗಡದ ಕಡೆ ಕಾಡಿನಲ್ಲಿ ದೊಡ್ಡ ಜಲಪಾತ ಇದೆ ಎಂದು ಆ ಕಡೆಯವನೇ ಆದ ನಮ್ಮ ಕಾರಖಾನೆಯ ಹಮಾಲ ಹೇಳಿದ್ದೇ ತಡ, ಅವಳ ತಲೆಯಲ್ಲಿ ಹುಳು ಹೊಕ್ಕಿತು. ಅಷ್ಟು ಎತ್ತರಕ್ಕೆ ನೀರು ಹತ್ತಿದ್ದು ಹೇಗೆ, ಬಿದ್ದದ್ದು ಎಲ್ಲಿಗೆ ಹೋಗುತ್ತದೆ, ಎಂದು ದಿನಾ ಕೇಳುವಳು. ನನಗಾದರೂ ಎಲ್ಲಿ ಗೊತ್ತಿತ್ತು? ಎಲ್ಲರೂ ಕೂಡಿ ನೋಡಿಯೇ ಬರೋಣ ಎಂದೆ. ಕೆಟ್ಟ ಮಗ್ಗ ಸರಿಮಾಡುವ ನಮ್ಮ ಜಾಬರನೂ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಟ.

ರಜೆ ಕೇಳಿದರೆ ಕಾರಖಾನೆಯ ಸಾವಕಾರರು ಒಂದೇ ಮಾತು ಹೇಳಿದರು: "ಸೂಟಿ ಒಂದ ದಿನ. ಮರುದಿನ ಮುಂಜಾನೆ ಏಳಕ್ಕ ಮಗ್ಗದ ಮುಂದ ಕಾಣಲಿಲ್ಲಂದ್ರ ಆ ಮಗ್ಗ ಬ್ಯಾರೆಯವಗ ಹೋತು." ನನ್ನ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಮಗ್ಗದ ಮೇಲೆ.

ಜಾಬರ್ ಹಮಾಲನನ್ನು ಕೂಡಿಸಿಕೊಂಡು ವಿಚಾರಣೆ ನಡೆಸಿದ. ಸಣ್ಣ ಮಕ್ಕಳು, ವಯಸ್ಸಾದವರು ನಡೆಯುವಂಥ ದಾರಿಯೇ ಎಂದು ಕೇಳಿದ. ತನ್ನ ತಾಯಿಗೆ ಎಪ್ಪತ್ತೈದು, ದಿನಾ ಹೋಗಿ ಬರುತ್ತಾಳೆ ಎಂದ ಹಮಾಲ. ಬರುವಾಗ ತಲೆಯ ಮೇಲೆ ಕಟ್ಟಿಗೆಯ ಹೊರೆ ಬೇರೆ ಇರುತ್ತದಂತೆ. ಜಾಬರ್ ಸ್ವಲ್ಪ ಯೋಚಿಸಿ, "ನಮ್ಮ ತಲಿ ಮ್ಯಾಲ ಬರೇ ಬುತ್ತಿ ಗಂಟ ಇರತೈತಿ, ಇನ್ನೂ ಸಸಾರ ಆತು" ಎಂದ.

೨. ದಾರ

ಗಡಹಿಂಗ್ಲಜದಲ್ಲಿ ಬಸ್ಸು ಬದಲಿಸಿ, ಚಂದಗಡದ ರಸ್ತೆಯಲ್ಲಿ ಇಳಿದು ಕಾಡು ಹೊಕ್ಕೆವು. ತಿರುಗಿ ಹೋಗುವ ಬಸ್ಸು ನಾಲ್ಕಕ್ಕೆ, ಅದೇ ಕೊನೆಯದು. ದಾರಿ ತಪ್ಪಬಾರದೆಂದು ಜಾಬರ್ ಒಂದು ಚೀಲ ನೂಲು ತಂದಿದ್ದ. ಮೊದಲ ಮರಕ್ಕೆ ಎಳೆಯ ತುದಿ ಕಟ್ಟಿ, ಮರ ಮರಕ್ಕೂ ಗಂಟು ಹಾಕುತ್ತ ನಡೆದ. ಇಂಥ ಉಪಾಯ ಯಾರಿಗೂ ಹೊಳೆಯುವುದಿಲ್ಲ ಎಂದು ತಾನೇ ಎರಡು ಸಲ ಹೇಳಿದ.

ಆಯುಷ್ಯವೆಲ್ಲ ಒಂದೇ ಜಾಗದಲ್ಲಿ ನಿಂತು ದುಡಿದ ಕಾಲುಗಳು ನಮ್ಮವು. ಹತ್ತು ಹೆಜ್ಜೆಗೊಮ್ಮೆ ಕೂತೆವು. ಅಂತೂ ನೀರಿನ ಸದ್ದು ಕೇಳಿಸುವ ಹೊತ್ತಿಗೆ, ಹೆಗಲ ಮೇಲೆ ಹಗ್ಗ ಹಾಕಿಕೊಂಡ ಮುದುಕಿಯೊಬ್ಬಳು ಹಿಂದಿನಿಂದ ಬಂದಳು. ಕೈಯಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ನೂಲಿನ ಉಂಡೆ. ಕೇಳಿದರೆ, ಅವಳೇ ಹಮಾಲನ ತಾಯಿ. ರಸ್ತೆಯಿಂದ ಇಲ್ಲಿಯವರೆಗೆ ಒಳ್ಳೆಯ ನೂಲು ಹಾಳಾಗುತ್ತಿತ್ತು, ತಗೊಳ್ಳಿ ಎಂದು ಮರಾಠಿಯಲ್ಲಿ ಹೇಳಿ ಜಾಬರನ ಕೈಗಿತ್ತಳು. ಮರದ ಗಂಟುಗಳನ್ನೆಲ್ಲ ಬಿಚ್ಚುವುದರಲ್ಲಿ ತಡವಾಯಿತಂತೆ, ಇಲ್ಲದಿದ್ದರೆ ನಮಗಿಂತ ಎಷ್ಟೋ ಮುಂಚೆ ಬರುತ್ತಿದ್ದಳಂತೆ.

ಇರುವುದು ಒಂದೇ ದಾರಿ, ತಪ್ಪುವುದಾದರೂ ಹೇಗೆ ಎಂದು ಕೇಳಿ ಕಟ್ಟಿಗೆಗೆ ಹೋದಳು. ಜಾಬರ್ ಉಂಡೆಯನ್ನು ಚೀಲದ ತಳಕ್ಕೆ ತುರುಕಿದ.

೩. ನಿದ್ದೆ

ಜಲಪಾತದ ಎದುರು ಅವ್ವ ಒಂದು ಬಂಡೆಯ ಮೇಲೆ ಕೂತವಳು ನೀರಿನಿಂದ ಕಣ್ಣು ಕೀಳಲಿಲ್ಲ. ನಾವು ರೊಟ್ಟಿ ಝುಣಕ ಉಂಡೆವು. ಬಸ್ಸಿನಿಂದ ಇಳಿದಾಗಿನಿಂದ ರಚ್ಚೆ ಹಿಡಿದಿದ್ದ ಜಾಬರನ ಕೂಸು ಅಲ್ಲಿ ಐದೇ ನಿಮಿಷಕ್ಕೆ ಮಲಗಿಬಿಟ್ಟಿತು. ನಮ್ಮ ಮನೆಗಳಿಗೂ ಕಾರಖಾನೆಗೂ ನಡುವೆ ಒಂದೇ ಗೋಡೆ. ಮಗ್ಗದ ಸಪ್ಪಳವಿದ್ದರೆ ನಿದ್ದೆ, ಕರೆಂಟು ಹೋಗಿ ಸಪ್ಪಳ ನಿಂತರೆ ಓಣಿಗೆ ಓಣಿಯೇ ಎಚ್ಚರ. ಇಲ್ಲಿ ನೀರು ನಲವತ್ತು ಮಗ್ಗದ ಸದ್ದು ಮಾಡುತ್ತಿತ್ತು. ಅರ್ಧ ತಾಸು ಅಡ್ಡಾಗೋಣ ಎಂದೆವು.

ಕಣ್ಣು ಬಿಟ್ಟರೆ ಹೊತ್ತು ಗುಡ್ಡದ ಆಚೆ ಇಳಿದಿತ್ತು. ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು. ಎಚ್ಚರವಿದ್ದವಳು ಅವ್ವ ಒಬ್ಬಳೇ. ನನಗೆ ಸಿಟ್ಟು ನೆತ್ತಿಗೇರಿತು. ಎಬ್ಬಿಸಬಾರದಿತ್ತೇ ಎಂದು ಅವಳ ಕಿವಿಯಲ್ಲಿ ಕೂಗಿದೆ.

"ಸಪ್ಪಳ ನಿಂತ ಕೂಡ್ಲೆ ನೀವ ಏಳತೀರಲ್ಲೋ" ಎಂದಳು ಅವ್ವ. "ಇದು ಎಷ್ಟಕ್ಕ ನಿಲ್ಲತೈತಿ ಅಂತ ನಾನೂ ನೋಡಾಕತ್ತೇನಿ."

ಕಟ್ಟಿಗೆಯ ಲಾರಿ ಹತ್ತಿ, ಮರುದಿನ ಮಧ್ಯಾಹ್ನ ಊರು ಮುಟ್ಟಿದೆವು. ನನ್ನ ಮಗ್ಗದ ಮುಂದೆ ಬೇರೊಬ್ಬ ನಿಂತಿದ್ದ. ಅದನ್ನು ನೋಡಿ ನನಗೆ ಅಳು ಬಂತು. ಸುಳ್ಳು ಹೇಳುವ ಧೈರ್ಯವಿರಲಿಲ್ಲ, ಅವ್ವ ಹೇಳಿದ್ದನ್ನೂ ಬಿಡದೆ ಎಲ್ಲವನ್ನೂ ಸಾವಕಾರರಿಗೆ ಒಪ್ಪಿಸಿದೆ.

ಅವರು ಲೆಕ್ಕದ ವಹಿ ಮುಚ್ಚಿ ಬದಿಗಿಟ್ಟರು. ಆಮೇಲೆ, "ಖರೇನ ಮಗ್ಗದಷ್ಟು ಸಪ್ಪಳ ಐತೇನು?" ಎಂದು ಕೇಳಿದರು.

"ಹೌದ್ರಿ ಸಾವಕಾರ್ರ."

ನನ್ನ ಮಗ್ಗದ ಮುಂದಿದ್ದವನಿಗೆ ಅದನ್ನು ಬಿಟ್ಟು ಪಕ್ಕಕ್ಕೆ ಸರಿ ಎಂದು ಕೈ ಮಾಡಿದರು. ನನ್ನನ್ನು ಹತ್ತಿರ ಕರೆದು, ಮಗ್ಗ ನಿಂತ ಸೂಟಿಯ ದಿನ ತಮಗೂ ರೆಪ್ಪೆಗೆ ರೆಪ್ಪೆ ಹತ್ತುವುದಿಲ್ಲ ಎಂದರು. ಬಸ್ಸು ಎಲ್ಲಿ ಬದಲಿಸಬೇಕು, ಎಷ್ಟು ನಡೆಯಬೇಕು ಎಂದೆಲ್ಲ ಕೇಳಿ ತಿಳಿದುಕೊಂಡರು.

"ಮುಂದಿನ ಸೂಟಿಗೆ ನನ್ನ ಕರಕೊಂಡ ಹೋಗು. ಆದ್ರ ನಾಕಕ್ಕ ನನ್ನ ಎಬ್ಬಸೂ ಕೆಲಸ ಮಾತ್ರ ನಿಮ್ಮವ್ವಗ ಹೇಳಬ್ಯಾಡ."